ಏಳನೇ ಚಿತ್ರದ ಕಪ್ಪು ಚುಕ್ಕೆ

ಶುಕ್ರವಾರ ಬೆಳಗ್ಗೆ ಕಸ ಗುಡಿಸಲೆಂದು ಬಾಗಿಲು ತೆಗೆದ ಕಾವಲುಗಾರ ಪುಟ್ಟಸ್ವಾಮಿ ಏಳನೇ ಚೌಕಟ್ಟನ್ನು ನೋಡಿ ಪೊರಕೆ ಕೆಳಗೆ ಹಾಕಿದ. ಚೌಕಟ್ಟು ಗೋಡೆಗೆ ಒರಗಿ ಕೂತಿತ್ತು. ಗಾಜು ಒಡೆದಿರಲಿಲ್ಲ. ಹಿಂದಿನ ಹಲಗೆ ಬಿಚ್ಚಿತ್ತು. ಒಳಗಿದ್ದ ಚಿತ್ರ ಮಾತ್ರ ಇರಲಿಲ್ಲ.

ರಾಮನಗರದ ಹಳೆಯ ರೇಷ್ಮೆ ನೂಲಿನ ಕಟ್ಟಡಕ್ಕೆ ಖಾಸಗಿ ಟ್ರಸ್ಟೊಂದು ಸುಣ್ಣ ಬಳಿಸಿ ‘ಹಿಪ್ಪುನೇರಳೆ ಚಿತ್ರಶಾಲೆ’ ಎಂದು ಹೆಸರಿಟ್ಟಿತ್ತು. ಅಲ್ಲಿದ್ದದ್ದು ನೂರು ವರ್ಷಕ್ಕೂ ಹಿಂದಿನ ಹನ್ನೆರಡು ಚಿತ್ರಗಳು. ಹುಳು, ಚಿಟ್ಟೆ, ಜೀರುಂಡೆ, ಜೊತೆಗೆ ಅವು ತಿನ್ನುವ ಗಿಡ. ರೇಷ್ಮೆಯ ಅಧ್ಯಯನಕ್ಕೆ ಬಂದಿದ್ದ ಬಿಳಿಯ ಅಧಿಕಾರಿಯೊಬ್ಬ ಪುಸ್ತಕಕ್ಕೆಂದು ಬರೆಸಿದ್ದು. ಎಲೆಯ ನರ, ಹುಳುವಿನ ಕಾಲಿನ ಕೊಕ್ಕೆ, ರೆಕ್ಕೆಯ ಮೇಲಿನ ಪುಡಿ, ಒಂದನ್ನೂ ಬಿಟ್ಟಿರಲಿಲ್ಲ. ಏಳನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆಸರು. ಹಿಪ್ಪುನೇರಳೆ ಕೊಂಬೆಯ ಮೇಲೆ ಹಣ್ಣಾಗುತ್ತಿರುವ, ಇನ್ನೇನು ಗೂಡು ಕಟ್ಟಬೇಕಾದ ರೇಷ್ಮೆ ಹುಳು. ಟ್ರಸ್ಟಿನ ಹಳೇ ಕ್ಯಾಲೆಂಡರಿನಲ್ಲಿ ಅಚ್ಚಾಗಿದ್ದುದೂ ಅದೇ.

ಸಬ್ ಇನ್‌ಸ್ಪೆಕ್ಟರ್ ಸೌಮ್ಯ ಹೆಡ್ ಕಾನ್‌ಸ್ಟೆಬಲ್ ಗೌಸ್ ಜೊತೆ ಬರುವ ಹೊತ್ತಿಗೆ ಅಲ್ಲಿ ತೀರ್ಪೇ ಹೊರಬಿದ್ದಿತ್ತು.

“ಅವಳೇ ಕದ್ದಿರೋದು. ಬರ್ಕೊಳ್ಳಿ, ನಿಖಾತ್,” ಎಂದರು ಟ್ರಸ್ಟಿನ ಕಾರ್ಯದರ್ಶಿ ಅನಂತರಾಜು. ನಿವೃತ್ತ ಬ್ಯಾಂಕ್ ಮ್ಯಾನೇಜರ್. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

“ಯಾರು ನಿಖಾತ್?”

“ಚನ್ನಪಟ್ಟಣದ ಹುಡುಗಿ. ಚಿತ್ರಗಳನ್ನ ನಕಲು ಮಾಡೋಕೆ ಈ ಯುಗಾದಿ ಆದಮೇಲೆ ಕೆಲಸಕ್ಕೆ ಇಟ್ಕೊಂಡ್ವಿ. ಇವನ್ನೆಲ್ಲ ಬರೆದಿದ್ದು ನಮ್ಮ ಮುತ್ತಾತ ಇಮಾಮ್ ಸಾಬ್ ಅಂತ ಅವಳ ವಾದ. ಅವರ ಹೆಸರು ಹಾಕಿ ಅಂತ ದಿನಾ ಜಗಳ. ಚಿತ್ರದ ಮೇಲಿರೋದು ಆ ಬಿಳಿ ದೊರೆ ಸಹಿ. ಇಮಾಮ್ ಸಾಬ್ ಎಲ್ಲಿಂದ ಬಂದ?”

ಸೌಮ್ಯ ಬೀಗ ನೋಡಿದಳು. ಒಂದು ಗೀರೂ ಇರಲಿಲ್ಲ. ಬೀಗದ ಕೈ ಇದ್ದದ್ದು ಪುಟ್ಟಸ್ವಾಮಿ, ಅನಂತರಾಜು, ನಿಖಾತ್, ಮೇಲ್ವಿಚಾರಕ ನಟರಾಜು ಇವರ ಹತ್ತಿರ. ಹೊರಗಿನವರ ಕೆಲಸವಲ್ಲ.

“ಈಗಲೇ ಯಾಕೆ ಹೋಯ್ತು? ಇಷ್ಟು ವರ್ಷ ಇತ್ತಲ್ಲ.”

ಅನಂತರಾಜು ಗಂಟಲು ಸರಿಮಾಡಿಕೊಂಡರು. “ಸೋಮವಾರ ಬೆಂಗಳೂರಿಂದ ಹಳೇ ಕಾಗದದ ತಜ್ಞೆ ಬರ್ತಿದ್ದಾರೆ. ಎಲ್ಲ ಚೌಕಟ್ಟೂ ಬಿಚ್ಚಿ ಹಿಂಭಾಗ ನೋಡ್ತಾರಂತೆ. ಅದೂ ಆ ಹುಡುಗಿಯದೇ ಹಟ.”

“ನಿಮಗೆ ಇಷ್ಟ ಇರಲಿಲ್ವಾ?”

“ಹಳೇ ವಸ್ತು ಮೇಡಂ. ಸುಮ್ಮನೆ ಕೈಯಾಡಿಸಬಾರದು,” ಎಂದು ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕ ಸ್ವಚ್ಛವಾಗಿಯೇ ಇತ್ತು. ಸೌಮ್ಯ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

* * *

ನಿಖಾತ್ ಅಳಲಿಲ್ಲ. ಬಣ್ಣ ಮೆತ್ತಿದ ಬೆರಳುಗಳನ್ನು ಮೇಜಿನ ಮೇಲಿಟ್ಟು ನೇರವಾಗಿ ನೋಡಿದಳು.

“ಕದಿಯೋಕೆ ನನಗೇನು ಹುಚ್ಚಾ ಮೇಡಂ? ನಮ್ಮ ಮುತ್ತಾತ ಹೆಸರನ್ನ ಚಿತ್ರದ ಹಿಂದೆ ಬರೀತಿದ್ರು ಅಂತ ನಮ್ಮ ದಾದಿ, ಅಂದ್ರೆ ಅಪ್ಪನ ಅಮ್ಮ, ಹೇಳ್ತಿದ್ರು. ಸೋಮವಾರ ಬಿಚ್ಚಿದ್ರೆ ಸಿಗುತ್ತೆ. ಬಿಚ್ಚೋ ದಿನಕ್ಕೇ ಕಾಯ್ತಿದ್ದೋಳು ನಾನು.”

“ಸಿಗದೇ ಇದ್ರೆ?”

“ಸಿಗುತ್ತೆ.”

ಬೊಂಬೆಗೆ ಬಣ್ಣ ಹಾಕುವ ಮನೆತನ. ಈಗಲೂ ಅವಳ ಚಿಕ್ಕಪ್ಪ ವಹಾಬ್ ಚಾಚಾ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ಕಾರ್ಖಾನೆ ನಡೆಸುತ್ತಾರೆ. ಕಾರ್ಖಾನೆ ಎಂದರೆ ಬೀದಿಗೆ ತೆರೆದ ಎರಡು ಕೋಣೆ. ಬೊಂಬೆ ಮಾಡುವವನು ಚಿತ್ರ ಬರೆಯಬಲ್ಲನೇ ಎಂದು ಅನಂತರಾಜು ಒಮ್ಮೆ ನಕ್ಕಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಅವಳು ಬೆರಳಿನ ಬಣ್ಣ ಕೆರೆಯತೊಡಗಿದಳು.

ಅವಳನ್ನು ಮನೆಗೆ ಕಳಿಸಿ ಸೌಮ್ಯ ನಟರಾಜುವನ್ನು ಕರೆದಳು. ಮೂವತ್ತೈದರ ಆಸುಪಾಸು. ಬೈರಾಪಟ್ಟಣದವನು. ಶಾಲೆ ಮಕ್ಕಳಿಗೆ ಚಿತ್ರ ತೋರಿಸಿ ವಿವರಿಸುವುದು, ಚಿತ್ರದ ಕೆಳಗೆ ಚೆಂದದ ಅಕ್ಷರದಲ್ಲಿ ಹೆಸರು ಬರೆದಿಡುವುದು ಅವನ ಕೆಲಸ.

“ಪಾಪದ ಹುಡ್ಗಿ ಮೇಡಂ. ನನ್ನ ಅಣ್ಣಾ ಅಂತಾಳೆ. ಅಂಥೋಳಲ್ಲ,” ಎಂದ.

“ಮತ್ತೆ ಯಾರು?”

“ನಾನೆಂಗೇಳ್ಲಿ?” ಅವನು ತಲೆ ತಗ್ಗಿಸಿದ. “ಏನೋ ಸಿಟ್ನಲ್ಲಿ ಒಂದ್ಸಲ ಅಂದವ್ಳೆ. ನಮ್ಮ ಮುತ್ತಾತನ ಹೆಸ್ರು ಹಾಕ್ದೆ ಹೋದ್ರೆ ಇವು ಸುಟ್ಟೋಗ್ಲಿ ಅಂತ. ಬರ್ಕೋಬೇಡಿ ಮೇಡಂ, ಬಾಯ್ಮಾತಷ್ಟೆ.”

ಬರೆದುಕೊಳ್ಳಬೇಡಿ ಎಂದು ಪೊಲೀಸರಿಗೆ ಹೇಳಿದ ಮಾತನ್ನು ಅವರು ಮರೆಯುವುದುಂಟೇ? ಹೊಟ್ಟೆ ಹಸಿಯುತ್ತಿದೆ, ಊಟ ಮಾಡಿಕೊಂಡು ಬರುತ್ತೇನೆ ಎಂದು ನಟರಾಜು ಬೈಕ್ ಹತ್ತಿದ. ಸೌಮ್ಯ ಉಳಿದ ಚೌಕಟ್ಟುಗಳನ್ನು ನೋಡುತ್ತ, ಅನಂತರಾಜು ಅವರ ಮನೆಯಲ್ಲಿ ಹುಡುಕುತ್ತ ಮಧ್ಯಾಹ್ನ ಕಳೆದಳು. ಅಲ್ಲಿ ಏನೂ ಸಿಗಲಿಲ್ಲ.

* * *

ಇಳಿ ಮಧ್ಯಾಹ್ನ ಚನ್ನಪಟ್ಟಣಕ್ಕೆ ಹೋದರು. ಕಾರ್ಖಾನೆಯಲ್ಲಿ ಹಸಿ ಮರದ ವಾಸನೆ, ಅರಗಿನ ವಾಸನೆ. ಅರಗು ಕರಗಿಸಿ ಬಣ್ಣ ಬೆರೆಸುವ ಇದ್ದಿಲ ಒಲೆ ಮೂಲೆಯಲ್ಲಿತ್ತು. ಕೆಂಡ ಇನ್ನೂ ಬೆಚ್ಚಗಿತ್ತು.

ಗೌಸ್ ಕಡ್ಡಿಯಿಂದ ಬೂದಿ ಕೆದಕಿದ. ಕೆದಕಿದವನು ಹಾಗೇ ನಿಂತ.

“ಮೇಡಂ.”

ಒಲೆಯ ಅಂಚಿನಲ್ಲಿ ಅಂಗೈಯಗಲದ ಕಾಗದ ಉಳಿದಿತ್ತು. ಮೂಲೆಯಲ್ಲಿ ಏಳು ಎಂಬ ಅಂಕಿ. ಅರ್ಧ ಎಲೆ. ಹುಳುವಿನ ಹಿಂಭಾಗ. ಮಿಕ್ಕಿದ್ದೆಲ್ಲ ಬೂದಿ.

ವಹಾಬ್ ಚಾಚಾ ಅಲ್ಲೇ ಕುಸಿದು ಕೂತರು. “ಯಾ ಅಲ್ಲಾ. ಬೆಳಗ್ಗೆ ಅರಗು ಕಾಯ್ಸಿ, ಮಧ್ಯಾಹ್ನ ಜುಮ್ಮಾ ನಮಾಜಿಗೆ ಹೋಗಿದ್ವಿ ಮೇಡಂ. ಬಂದೋರು ಒಲೆ ಕಡೆ ನೋಡೇ ಇಲ್ಲ.”

“ಬಾಗಿಲು?”

“ಜುಮ್ಮಾ ಹೊತ್ನಲ್ಲಿ ಯಾರು ಬಾಗಿಲು ಹಾಕ್ತಾರೆ? ಬೀದೀಗೆ ಬೀದೀನೇ ಮಸೀದೀಲಿ ಇರುತ್ತೆ.”

ಪಕ್ಕದ ಮನೆಯಿಂದ ನಿಖಾತ್ ಓಡಿ ಬಂದಳು. ಸುಟ್ಟ ಚೂರನ್ನು ಕಂಡಾಗ ಅವಳ ಬಾಯಿಂದ ಹೊರಟದ್ದು ಮಾತಲ್ಲ. ಮನೆಯಲ್ಲಿ ಸತ್ತವರನ್ನು ಕಂಡ ಹೆಂಗಸಿನ ದನಿ ಅದು.

“ಸುಟ್ಟೋಗ್ಲಿ ಅಂತ ಹೇಳಿದ್ದೆಯಾ?” ಸೌಮ್ಯ ಕೇಳಿದಳು.

“ಹೇಳಿದ್ದೆ. ಸಿಟ್ಟಲ್ಲಿ. ನಟರಾಜಣ್ಣನ ಹತ್ರ.” ಅವಳು ಕಣ್ಣೊರೆಸಿಕೊಂಡಳು. “ನಾನು ಸುಡಲಿಲ್ಲ.”

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಸಾಹೇಬರಿಗೆ ಇಷ್ಟು ಸಾಕಾಗಿತ್ತು. “ಕೀ ಇತ್ತು, ದ್ವೇಷ ಇತ್ತು, ಬೂದಿ ಸಿಕ್ತು. ಇನ್ನೇನ್ರೀ ಬೇಕು? ಸೋಮವಾರ ಅರೆಸ್ಟ್ ತೋರಿಸಿ.”

“ಅಲ್ಲೀವರೆಗೆ ನನಗೆ ಹುಡುಕೋಕೆ ಬಿಡಿ ಸಾರ್,” ಎಂದಳು ಸೌಮ್ಯ. ನಿಖಾತ್ ಸೋಮವಾರ ಜೈಲಿಗೆ ಹೋದರೆ ಕೆಲಸದ ಜೊತೆ ಇಮಾಮ್ ಸಾಬರ ಹೆಸರೂ ಹೋಗುತ್ತದೆ. ಕಳ್ಳಿಯ ಮುತ್ತಾತನ ಹೆಸರನ್ನು ಯಾವ ಟ್ರಸ್ಟು ಗೋಡೆಗೆ ಬರೆಸುತ್ತದೆ? ಸೌಮ್ಯಳಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಸುಡುವವಳು ಪೂರ್ತಿ ಸುಡದೆ, ಅಂಕಿ ಇರುವ ಮೂಲೆಯನ್ನೇ ಯಾಕೆ ಉಳಿಸಿದಳು? ಅದೂ ಸ್ವಂತ ಒಲೆಯಲ್ಲಿ?

* * *

ಶನಿವಾರ ಬೆಳಗ್ಗೆ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಳುವಿನ ಮೈಮೇಲೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ.

“ಕಿಡಿ ಬಿದ್ದು ಸುಟ್ಟಿರಬೇಕು,” ಎಂದ ಗೌಸ್.

“ಇಲ್ಲ ಗೌಸಣ್ಣ. ಸುತ್ತ ತಿಳಿ ಕಂದು ಅಂಚು ಬರೆದಿದ್ದಾರೆ. ಬಣ್ಣದ್ದೇ.”

ಸಾತನೂರಿನ ಕಡೆ ಹುಳು ಸಾಕುವ ಮನೆಯಲ್ಲಿ ಬೆಳೆದವಳು ಸೌಮ್ಯ. ಆ ಚುಕ್ಕೆ ಅವಳಿಗೆ ಹೊಸದಲ್ಲ. ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗೆ ಕೊರೆದುಕೊಂಡು ಹೋದ ಜಾಗ ಕಪ್ಪಗಾಗುತ್ತದೆ. ಚಿಕ್ಕಂದಿನಲ್ಲಿ ತಟ್ಟೆಯಿಂದ ಅಂಥ ಹುಳುಗಳನ್ನು ಆರಿಸಿ ತೆಗೆಯುವುದೇ ಅವಳ ಕೆಲಸವಾಗಿತ್ತು.

ಊಜಿ ಗಾಯ ಎಂದುಕೊಂಡು ಚೂರನ್ನು ಕೆಳಗಿಟ್ಟಳು. ಮರುಕ್ಷಣ ಮತ್ತೆ ಎತ್ತಿಕೊಂಡಳು. ಮನೆಯಲ್ಲಿ ಅವ್ವನಿಗೂ ಅಜ್ಜಿಗೂ ನಡೆಯುತ್ತಿದ್ದ ಹಳೇ ಜಗಳ ನೆನಪಾಯಿತು. ಫೋನ್ ಹಚ್ಚಿದಳು.

“ಅವ್ವಾ, ಊಜಿ ಬಂದಿದ್ದು ಯಾವಾಗ?”

ಬೋರಮ್ಮ ಆ ಕಡೆಯಿಂದ ಸಿಡುಕಿದಳು. “ಬೆಳಬೆಳಗ್ಗೆ ಅದ್ಯಾಕ್ ನೆನುಸ್ಕೊಂಡ್ಯವ್ವ? ನಾನು ಈ ಮನೆಗೆ ಕಾಲಿಕ್ಕಿದ ವರ್ಸವೇ ಬಂತು. ಅದ್ಕೂ ಮುಂಚೆ ಅದ್ರ ಹೆಸ್ರೇ ಕೇಳಿರ್ನಿಲ್ಲ ಯಾರೂವೆ. ಸೊಸೆ ಸೆರಗ್ನಾಗೆ ಕಟ್ಕೊಂಡ್ ಬಂದ್ಲು ಅಂತ ನಿಮ್ಮಜ್ಜಿ ಸಾಯೋಗಂಟ ಆಡ್ಕೊಂಡ್ಲಲ್ಲ, ಮರ್ತ್‌ಬುಟ್ಯಾ?”

ಅವ್ವ ಮದುವೆಯಾಗಿ ಬಂದದ್ದು ಎಂಬತ್ತನೇ ಇಸವಿಯಲ್ಲಿ. ಸೌಮ್ಯ ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರಿಗೂ ಫೋನ್ ಮಾಡಿ ಕೇಳಿದಳು. ಅವರೂ ಅದನ್ನೇ ಹೇಳಿದರು. ಅದಕ್ಕೂ ಮೊದಲು ಈ ಸೀಮೆಯಲ್ಲಿ ಊಜಿ ಇರಲೇ ಇಲ್ಲ. ಬಂಗಾಳದ ಕಡೆಯಿಂದ ಬಂದದ್ದು.

ಇಮಾಮ್ ಸಾಬ್ ತೀರಿಕೊಂಡು ಎಷ್ಟೋ ಕಾಲದ ಮೇಲೆ ಬಂದ ನೊಣ. ಅದು ಮೊಟ್ಟೆಯಿಟ್ಟ ಹುಳುವನ್ನು ಅವರು ಬರೆಯುವುದು ಹೇಗೆ?

“ಗೌಸಣ್ಣ, ಒಲೇಲಿ ಸುಟ್ಟಿರೋದು ಹಳೇ ಚಿತ್ರ ಅಲ್ಲ. ಯಾರೋ ಮೊನ್ನೆ ಮೊನ್ನೆ ಬರೆದ ನಕಲಿ.”

ಗೌಸ್ ಗಡ್ಡ ಕೆರೆದುಕೊಂಡ. “ಅದನ್ನೂ ನಿಖಾತೇ ಬರೆದು, ಅಸಲಿ ಮಾರ್ಕೊಂಡಿರಬಹುದಲ್ಲ ಮೇಡಂ?”

ಮಾತು ಸರಿಯಾಗಿತ್ತು. ಸೌಮ್ಯಳಿಗೆ ಸಿಟ್ಟೂ ಬಂತು.

* * *

ಟ್ರಸ್ಟಿನ ಹಳೇ ಕ್ಯಾಲೆಂಡರು ಪುಟ್ಟಸ್ವಾಮಿಯ ಕೋಣೆಯ ಮೊಳೆಯಲ್ಲಿ ಇನ್ನೂ ನೇತಾಡುತ್ತಿತ್ತು. ಅದರಲ್ಲಿ ಹುಳುವಿನ ಮೈ ಹಾಲಿನಂತಿತ್ತು. ಚುಕ್ಕೆ ಇಲ್ಲ. ನಿಖಾತ್ ಈ ಬೇಸಿಗೆಯಲ್ಲಿ ಮಾಡಿದ ನಕಲಿನಲ್ಲಿ ಚುಕ್ಕೆ ಇತ್ತು.

“ಇದೇನು?” ಎಂದು ಸೌಮ್ಯ ಕೇಳಿದಳು.

“ಮಚ್ಚೆ ಅಲ್ವಾ ಮೇಡಂ? ಗೋಡೆ ಮೇಲಿರೋದ್ರಲ್ಲಿ ಇತ್ತು, ಬರೆದೆ. ನಮ್ಮನೇಲಿ ಯಾರೂ ಹುಳ ಸಾಕಿಲ್ಲ.”

ಅಂದರೆ ಬೇಸಿಗೆಯಲ್ಲೇ ಗೋಡೆಯ ಮೇಲಿದ್ದದ್ದು ನಕಲಿ. ಅದಕ್ಕೂ ಮುಂಚೆ? ಗೋಡೆಗೆ ಬಾಯಿಲ್ಲ. ಆದರೆ ಈ ಕಾಲದಲ್ಲಿ ಗೋಡೆಯ ಮುಂದೆ ನಿಂತವರೆಲ್ಲ ಫೋಟೋ ತೆಗೆದುಕೊಳ್ಳದೆ ಬಿಡುವುದಿಲ್ಲ.

“ಗೌಸಣ್ಣ, ಇಲ್ಲಿಗೆ ಶಾಲೆ ಮಕ್ಕಳು ಬರ್ತಾರಲ್ಲ. ಹೋದ ವರ್ಷ ಬಂದೋರು ಯಾರಾದ್ರೂ ಗೊತ್ತಾ?”

ಗೌಸ್ ಮುಖ ಅರಳಿತು. “ನಮ್ಮ ಜಾರಾನೇ ಬಂದಿದ್ಲಲ್ಲ ಮೇಡಂ! ಹೋದ ದಸರಾ ರಜಕ್ಕೆ ಮುಂಚೆ. ನನ್ನ ಫೋನೇ ಕಿತ್ಕೊಂಡು ಬಂದಿದ್ಲು.”

ಫೋನಿನಲ್ಲಿ ಅವನ ಮಗಳು ಎರಡು ಬೆರಳು ಎತ್ತಿ ಹಲ್ಲು ಬಿಟ್ಟು ನಿಂತಿದ್ದಳು. ಹಿಂದೆ ಏಳನೇ ಚಿತ್ರ. ಸೌಮ್ಯ ಹಿಗ್ಗಿಸಿ ನೋಡಿದಳು. ಜಾರಾಳ ಕಿವಿಯ ಪಕ್ಕದಲ್ಲೇ ಹುಳು. ಹುಳುವಿನ ಮೇಲೆ ಚುಕ್ಕೆ.

ನಿಖಾತ್ ಚಿತ್ರಶಾಲೆಯ ಹೊಸಿಲು ತುಳಿದದ್ದು ಈ ಯುಗಾದಿಯ ಮೇಲೆ. ಅಸಲಿ ಹೋದದ್ದು ಅದಕ್ಕೂ ಮೊದಲು. ಸೌಮ್ಯ ದೊಡ್ಡ ಉಸಿರು ಬಿಟ್ಟಳು. ಹುಡುಗಿ ಬಚಾವಾದಳು. ಇನ್ನು ಬರೆದವನು ಸಿಗಬೇಕಿತ್ತು.

ಅನಂತರಾಜು ಅವರಿಗೆ ಚುಕ್ಕೆಯ ಫೋಟೋ ತೋರಿಸಿದಳು.

“ಬೂಷ್ಟು,” ಎಂದರು ಅವರು ತಟ್ಟನೆ. “ಹಳೇ ಕಾಗದಕ್ಕೆ ಬರುತ್ತೆ.”

“ಚೌಕಟ್ಟು ಬಿಚ್ಚೋದು ಬೇಡ ಅಂದಿದ್ದು ಯಾಕೆ? ನಿಜ ಹೇಳಿ.”

ಇಸ್ತ್ರಿ ಕಳಚಿತು. “ಚಿತ್ರಗಳಿಗೆ ಚೌಕಟ್ಟು ಹಾಕಿಸಿದಾಗ ಮೂರನೇದು, ಐದನೇದು ಒಳಗೆ ಜಾರ್ತಿತ್ತು. ನಾನೇ ಅಂಚಿನಡಿ ಗೋಂದು ಹಚ್ಚಿಬಿಟ್ಟೆ, ಹಿಂಬದಿ ತಿರುಗಿಸಿ ನೋಡ್ಲೂ ಇಲ್ಲ. ತಜ್ಞೆ ನೋಡಿದ್ರೆ ಮರ್ಯಾದೆ ಹೋಗುತ್ತೆ ಅಂತ...”

ಸೌಮ್ಯಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅದೇ ಫೋಟೋ ನಟರಾಜುವಿನ ಮುಂದೆ ಇಟ್ಟಳು.

“ಊಜಿ ಗಾಯ ಮೇಡಂ,” ಎಂದ ಅವನು, ಒಂದಿಷ್ಟೂ ತಡವರಿಸದೆ. “ಹಳೇ ಕಾಲದೋರು ಎಷ್ಟ್ ನಿಗಾ ಮಡಗಿ ಬರ್ದವ್ರೆ ನೋಡಿ. ಒಸಿ ಗಾಯಾನೂ ಬುಟ್ಟಿಲ್ಲ.”

“ಹೌದಲ್ವಾ?” ಎಂದಳು ಸೌಮ್ಯ. ಮಧ್ಯಾಹ್ನವೇ ಬೈರಾಪಟ್ಟಣಕ್ಕೆ ಜೀಪು ತಿರುಗಿಸಿದಳು.

* * *

ಭಾನುವಾರ ಬೆಳಗ್ಗೆ ಎಲ್ಲರೂ ಚಿತ್ರಶಾಲೆಯಲ್ಲಿ ಸೇರಿದರು. ಸೌಮ್ಯ ಮೇಜಿನ ಮೇಲೆ ಸುಟ್ಟ ಚೂರು, ಕ್ಯಾಲೆಂಡರು, ನಿಖಾತಳ ನಕಲು ಮತ್ತು ಗೌಸನ ಫೋನು ಸಾಲಾಗಿ ಇಟ್ಟಳು. ನಕಲಿಯ ವಿಷಯವನ್ನೂ ಊಜಿಯ ವಿಷಯವನ್ನೂ ಬಿಡಿಸಿ ಹೇಳಿದಳು.

“ಎಂಬತ್ತಕ್ಕೆ ಮುಂಚೆ ಇರ್ನಿಲ್ಲ ಕಣ್ರಪ್ಪ, ನಿಜ,” ಎಂದ ಪುಟ್ಟಸ್ವಾಮಿ. “ನಂಗೆ ಕಣ್ಣು ಮಂಜು, ಗಾಜಿನ ಧೂಳು ಒರ್ಸಿದ್ದಷ್ಟೇ. ಹುಳಾನೆಲ್ಲಿ ನೋಡ್ದೆ?”

“ಕಂಡಿದ್ರೂ ಯಾರೂ ಏನೂ ಅಂತಿರಲಿಲ್ಲ,” ಎಂದಳು ಸೌಮ್ಯ. “ನಮ್ಮ ಕಡೆಯೋರಿಗೆ ಹುಳ ಅಂದ್ಮೇಲೆ ಊಜಿ ಇದ್ದದ್ದೇ. ಹೊರಗಿನೋರಿಗೆ ಊಜಿ ಅಂದ್ರೇನು ಅಂತಲೇ ಗೊತ್ತಿಲ್ಲ. ಈ ನಕಲಿ ಬರೆದೋನು ಹುಳ ಸಾಕೋ ಮನೆಯೋನು. ಬದುಕಿರೋ ಹುಳ ಮುಂದೆ ಇಟ್ಕೊಂಡು ಬರೆದಿದ್ದಾನೆ. ಊಜಿ ಬರೋ ಮುಂಚಿನ ಕಾಲ ಅವನಿಗೆ ಗೊತ್ತಿಲ್ಲ, ಹಾಗಾಗಿ ಎಂಬತ್ತರ ಈಚೆಗೆ ಹುಟ್ಟಿದೋನು. ಅನಂತರಾಜು ಸಾರಿಗೆ ಅದು ಬೂಷ್ಟು. ನಿಖಾತಳಿಗೆ ಅದು ಮಚ್ಚೆ. ಪುಟ್ಟಸ್ವಾಮಿಗೆ ಗೆರೆ ಎಳೆಯೋಕೆ ಬರಲ್ಲ. ಕೀ ಇದ್ದೋರಲ್ಲಿ ಉಳಿದೋನು ಒಬ್ಬನೇ.”

ನಟರಾಜು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಗೌಸ್ ನಿಂತಿದ್ದ.

“ಅಸಲಿ ಎದುರಿಗೇ ಇದ್ರೆ, ಬದುಕಿರೋ ಹುಳ ಯಾಕ್ ಬೇಕು ಮೇಡಂ?” ಎಂದ ನಟರಾಜು.

“ಎದುರಿಗೆ ಇರಲಿಲ್ಲ. ಚೌಕಟ್ಟು ಬಿಚ್ಚಿದ್ರೆ ಗೊತ್ತಾಗುತ್ತೆ ಅಂತ ನೀನು ಗಾಜಿನ ಮೇಲಿಂದಲೇ ಫೋಟೋ ತೆಗೆದೆ. ನಿನ್ನೆ ನಿನ್ನ ಹುಳದ ಮನೆ ಅಟ್ಟದಲ್ಲಿ ಸಿಕ್ತು.” ಸೌಮ್ಯ ಒಂದು ದೊಡ್ಡ ಫೋಟೋ ಹರಡಿದಳು. ಹುಳುವಿನ ಬೆನ್ನ ಮೇಲೆ ಕಿಟಕಿಯ ಬೆಳಕು ಬಿದ್ದು ಪೂರಾ ಬೆಳ್ಳಗಾಗಿತ್ತು. ನಕಲಿಯಲ್ಲಿ ಚುಕ್ಕೆ ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ. “ಇಲ್ಲಿ ಏನಿತ್ತು ಅಂತ ಕಾಣಿಸ್ಲಿಲ್ಲ. ತಟ್ಟೆಯಿಂದ ಒಂದು ಹುಳ ಎತ್ಕೊಂಡು ಬಂದು ನೋಡಿ ಬರೆದೆ. ಅಭ್ಯಾಸ ಮಾಡಿದ ಹಾಳೆಗಳೂ ಸಿಕ್ಕಿವೆ. ಪ್ರತಿಯೊಂದರಲ್ಲೂ ಅದೇ ಗಾಯ.”

ಸೌಮ್ಯ ಸುಟ್ಟ ಚೂರನ್ನು ಅವನ ಮುಂದಕ್ಕೆ ತಳ್ಳಿದಳು.

“ಕಾಗದದ ತಜ್ಞೆ ಸೋಮವಾರ ಬಂದ್ರೆ ನಿನ್ನ ಕಾಗದ ಹೊಸದು ಅಂತ ಗೊತ್ತಾಗುತ್ತೆ. ಅದಕ್ಕೇ ನಕಲಿ ಮಾಯ ಆಗಬೇಕಿತ್ತು. ಸುಮ್ಮನೆ ಮಾಯ ಆದ್ರೆ ನಾವು ಹುಡುಕ್ತಾ ಇರ್ತೀವಿ. ಸುಟ್ಟು, ಗುರುತಿಗೆ ಅಂತ ಮೂಲೆ ಉಳಿಸಿದೆ. ಜುಮ್ಮಾ ಹೊತ್ತಲ್ಲಿ ಊಟಕ್ಕೆ ಅಂತ ಹೋದೆಯಲ್ಲ, ಅವತ್ತು ಆ ಬೀದೀಲಿ ಗಂಡಸರು ಯಾರೂ ಇರಲ್ಲ ಅಂತ ನಿನಗೆ ಗೊತ್ತಿತ್ತು. ಅದಕ್ಕೂ ಮೊದಲೇ ಸುಟ್ಟೋಗ್ಲಿ ಅನ್ನೋ ಮಾತನ್ನ ನನ್ನ ಕಿವಿಗೆ ಹಾಕಿದ್ದೆ.”

ನಟರಾಜು ಬೆಂಚಿನ ಮೇಲೆ ಕೂತ. ಆಮೇಲೆ ಎಲ್ಲ ಬಂತು. ಬೆಂಗಳೂರಿನಲ್ಲಿ ಹಳೇ ಚಿತ್ರ ಕೂಡಿಡುವ ಒಬ್ಬನಿಗೆ ಅಸಲಿಯನ್ನು ಮಾರಿ ಎರಡು ವರ್ಷದ ಮೇಲಾಗಿತ್ತು. ಅವನ ವಿಳಾಸವನ್ನೂ ಹೇಳಿದ.

“ದಿನಾ ಜನ ಬಂದು ನನ್ನ ಚಿತ್ರದ ಮುಂದೆ ನಿಂತ್ಕೊಂಡು ಆಹಾ ಅನ್ನೋರು ಮೇಡಂ,” ಎಂದ. ಅದನ್ನು ಹೇಳುವಾಗ ಅವನ ಕಣ್ಣಲ್ಲಿ ಇನ್ನೂ ಆಸೆ ಇತ್ತು. “ಗಾಯ ಬರೀದೆ ಇರಬೋದಿತ್ತು. ಹುಳ ಅಂದ್ಮೇಲೆ ಊಜಿ ಇದ್ರೇನೇ ನಿಜ ಅನ್ಸುತ್ತೆ ಅಂದ್ಕೊಂಡೆ.”

“ಚಿತ್ರ ಬದಲಾಯಿಸೋಕೆ ಚೌಕಟ್ಟು ಬಿಚ್ಚಿದೆಯಲ್ಲ. ಅಸಲಿ ಚಿತ್ರದ ಹಿಂದೆ ಏನಿತ್ತು?” ಎಂದು ಸೌಮ್ಯ ಕೇಳಿದಳು.

ನಿಖಾತ್ ಎದ್ದು ನಿಂತಳು.

“ನಟರಾಜಣ್ಣ. ಹಿಂದೆ ಏನಿತ್ತು?”

“ಬರ್ದಿತ್ತು,” ಎಂದ ಅವನು ನೆಲ ನೋಡುತ್ತ.

“ಉರ್ದುವಿನಲ್ಲಾ?”

“ಉರ್ದು ಐತೆ. ಕೆಳಗೆ ಕನ್ನಡದಾಗೂ ಐತೆ.”

ತಿಂಗಳುಗಟ್ಟಲೆ ನಿಖಾತ್ ಈ ಕೋಣೆಯಲ್ಲಿ ಒಬ್ಬಳೇ ವಾದ ಮಾಡಿದ್ದಳು. ಜನ ನಕ್ಕಾಗ ಪಕ್ಕದಲ್ಲಿ ಕೂತು ಟೀ ತರಿಸಿಕೊಟ್ಟು, ಬೇಜಾರು ಮಾಡ್ಕೋಬೇಡ ನಿಖಾತ್, ಸಿಗ್ತದೆ ಎಂದು ಸಮಾಧಾನ ಹೇಳಿದವನು ಇವನೇ. ಹೇಳುವಾಗ ಅವನಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು.

ಗೌಸ್ ಅವನ ತೋಳು ಹಿಡಿದ.

“ಕರ್ಕೊಂಡು ಹೋಗ್ಬೇಡಿ ಮೇಡಂ, ಒಂದು ನಿಮಿಷ,” ಎಂದಳು ನಿಖಾತ್. ಅನಂತರಾಜು ಕಡೆ ತಿರುಗಿದಳು. “ಸಾರ್, ಮೊದಲನೇ ಚಿತ್ರದ ಚೌಕಟ್ಟು ಈಗಲೇ ಬಿಚ್ಚಿ.”

ಅನಂತರಾಜು ತಜ್ಞೆಯ ಮಾತೆತ್ತಲಿಲ್ಲ. ತಾವೇ ಹೋಗಿ ಸ್ಕ್ರೂಡ್ರೈವರ್ ತಂದರು. ಪುಟ್ಟಸ್ವಾಮಿ ಹಲಗೆ ಹಿಡಿದುಕೊಂಡ. ತಿರುಪುಮೊಳೆಗಳು ಒಂದೊಂದೇ ಸಡಿಲವಾದವು. ಬೇವಿನ ಕೊಂಬೆ, ಅದರ ಮೇಲೆ ಹಸಿರು ಜೀರುಂಡೆ. ನಿಖಾತ್ ಎರಡೂ ಅಂಗೈಯಲ್ಲಿ ಚಿತ್ರವನ್ನು ಎತ್ತಿ, ಹಿಂಬದಿಯನ್ನು ತಾನು ನೋಡದೆ, ನಟರಾಜುವಿನ ಮುಖದ ಮುಂದೆ ಹಿಡಿದಳು.

“ಓದು.”

“ನಿಖಾತ್...”

“ಅಷ್ಟು ದಿನ ಮುಚ್ಚಿಟ್ಟೆಯಲ್ಲ, ನೀನೇ ಓದು. ಎಲ್ಲರಿಗೂ ಕೇಳಿಸೋ ಹಾಗೆ.”

ಅವನು ತುಟಿ ಸವರಿಕೊಂಡ. ಮುಖ ಪಕ್ಕಕ್ಕೆ ತಿರುಗಿಸಿದ. ಅವಳು ಕೈ ಇಳಿಸಲಿಲ್ಲ. ಕೊನೆಗೆ ಓದಿದ.

“ಕಣ್ಣಾರೆ ಕಂಡು ಬರೆದವನು, ಚನ್ನಪಟ್ಟಣದ ಬಣ್ಣದ ಇಮಾಮ್.”

“ಇನ್ನೊಂದ್ಸಲ,” ಎಂದಳು ನಿಖಾತ್. ಅವನು ಇನ್ನೊಮ್ಮೆ ಓದಿದ.